ಒರಲೆ ತಿಂದ ಚೌಕಟ್ಟು

ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡ ಮೇಲೆ ನಾನು ಮನೆ ಬಿಟ್ಟು ಹೊರಗೆ ಹೋಗುವುದು ನಿಂತೇಹೋಯಿತು. ಅದಕ್ಕೂ ಮೊದಲು ದಿನಾ ಬೆಳಿಗ್ಗೆ ವಳಸಂಗದಿಂದ ಬಸ್ಸು ಹಿಡಿದು ಸೊಲ್ಲಾಪುರಕ್ಕೆ ಹೋಗಿ, ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವ ಒಂದು ಕಾರ್ಖಾನೆಯಲ್ಲಿ ಅಂಗಿಗೆ ಕಾಲರ್ ಕೂಡಿಸುತ್ತಿದ್ದೆ. ದೊಡ್ಡ ಕೆಲಸವೇನಲ್ಲ. ಆದರೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿರುವಷ್ಟು ಹೊತ್ತು ನಾನು ಯಾರ ಸೊಸೆಯೂ ಆಗಿರುತ್ತಿರಲಿಲ್ಲ.

ಸೊಲ್ಲಾಪುರದ ದವಾಖಾನೆಯಲ್ಲಿ ಅತ್ತೆಯ ಕಾಲಿಗೆ ರಾಡು ಹಾಕಿ ಕಳಿಸಿದರು. ಅವರು ಮತ್ತೆ ನಡೆಯಲಿಲ್ಲ. ಗಾಳಿ ಬರುವ ಪಡಸಾಲೆಯಲ್ಲಿ ಮಂಚ ಹಾಕೋಣವೆಂದರೆ ಒಪ್ಪಲಿಲ್ಲ. ಮದುವೆಯಾಗಿ ಬಂದಾಗಿನಿಂದ ತಾವು ಮಲಗಿದ್ದ ಒಳಕೋಣೆಯೇ ಬೇಕೆಂದರು. ನಮ್ಮದು ಹಳೆಯ ಮಣ್ಣಿನ ಮನೆ. ಗೋಡೆಗಳು ಎರಡು ಮೊಳ ದಪ್ಪ. ಒಳಕೋಣೆಗೆ ಕಿಟಕಿ ಇಲ್ಲ, ಪಡಸಾಲೆಗೆ ತೆರೆಯುವ ಒಂದೇ ಬಾಗಿಲು. ಬೆಳಕಿಗೆಂದು ಮಾಳಿಗೆಯಲ್ಲಿ, ಅಂದರೆ ಮಣ್ಣು ಹಾಸಿದ ಚಾವಣಿಯಲ್ಲಿ, ಕೊಡದ ಬಾಯಿಯಷ್ಟು ಅಗಲದ ಒಂದು ಬೆಳಕಿಂಡಿ. ಮಳೆಗಾಲದಲ್ಲಿ ಅದರ ಮೇಲೆ ತಗಡು ಮುಚ್ಚಿ ಕಲ್ಲು ಹೇರಿದರೆ, ಮಧ್ಯಾಹ್ನವೂ ದೀಪ ಹಚ್ಚಿಕೊಂಡೇ ಇರಬೇಕು.

ಎರಡು ವರ್ಷ ಹೀಗೇ ಕಳೆಯಿತು. ನಮ್ಮ ಮನೆಯವರು ಸೊಲ್ಲಾಪುರದ ಒಂದು ಟಾವೆಲ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಬೆಳಿಗ್ಗೆ ಹೋದರೆ ಸಂಜೆಗೆ ಬರುತ್ತಿದ್ದರು. ಮಗಳು ನರ್ಸಿಂಗ್ ಓದಲು ಅಲ್ಲಿಯೇ ಹಾಸ್ಟೆಲ್ಲಿನಲ್ಲಿದ್ದಳು. ಹಗಲೆಲ್ಲ ಮನೆಯಲ್ಲಿ ಅತ್ತೆ ಮತ್ತು ನಾನು. ನಮ್ಮಿಬ್ಬರ ನಡುವೆ ಮಾತು ಕಡಿಮೆ. ಜಗಳವೂ ಇರಲಿಲ್ಲ. ನೀರು ಬೇಕಾದರೆ "ನೀರ" ಅನ್ನುತ್ತಿದ್ದರು, ನಾನು ಕೊಡುತ್ತಿದ್ದೆ.

ಒರಲೆ, ಅಂದರೆ ಗೆದ್ದಲು, ಕಣ್ಣಿಗೆ ಬಿದ್ದದ್ದು ಎರಡನೆಯ ಮಳೆಗಾಲದ ಮೊದಲಿಗೆ. ಹಾಸಿಗೆ ಬದಲಿಸಲೆಂದು ಒಳಕೋಣೆಯ ಗೋಡೆಯ ಕಪಾಟಿನಿಂದ ಚಾದರ ತೆಗೆಯಲು ಹೋದೆ. ನನ್ನ ಮದುವೆಯಲ್ಲಿ ತವರಿನವರು ಕೊಟ್ಟ ಸೊಲ್ಲಾಪುರಿ ಚಾದರಗಳು ಅವು, ಆರನ್ನೂ ಒಂದರ ಮೇಲೊಂದು ಇಟ್ಟಿದ್ದೆ. ಮೇಲಿನದು ನೆಟ್ಟಗಿತ್ತು. ಎತ್ತಿದರೆ ಕೆಳಗಿನ ಐದೂ ಒಂದಕ್ಕೊಂದು ಅಂಟಿಕೊಂಡು, ನಡುವೆ ಹಸಿಮಣ್ಣು ತುಂಬಿ, ಮುಟ್ಟಿದಲ್ಲೆಲ್ಲ ತೂತಾಗಿ ಕೈಗೆ ಬಂದವು. ಬಿಳಿ ಹುಳಗಳು ಬೆಳಕು ಕಂಡು ಗೋಡೆಯ ಬಿರುಕಿನೊಳಗೆ ನುಗ್ಗಿದವು. ಕಪಾಟಿನ ಹಿಂಬದಿಯಿಂದ ಬಾಗಿಲಿನ ಚೌಕಟ್ಟಿನವರೆಗೆ ಬೆರಳಿನಷ್ಟು ದಪ್ಪದ ಮಣ್ಣಿನ ಗೆರೆ ಹೋಗಿತ್ತು.

"ಅತ್ತಿ, ಒರಲಿ ಹತ್ಯಾವರಿ," ಅಂದೆ.

ಅವರು ಮಂಚದ ಮೇಲಿಂದ ಆ ಗೆರೆಯನ್ನೇ ನೋಡಿದರು. "ಸಗಣಿ ಮಣ್ಣ ಕಲಸಿ ಮೆತ್ತಿಬಿಡು," ಅಂದರು. ಆಶ್ಚರ್ಯ ಪಟ್ಟ ಹಾಗೆ ಕಾಣಲಿಲ್ಲ.

ಮಗಳು ಫೋನಿನಲ್ಲಿ ಹೇಳಿದಳು, "ಆಯಿ ಮಾತ ಕೇಳಬ್ಯಾಡವ್ವಾ. ವಾಳವಿ ಅದು, ಮೆತ್ತಿದರ ಹೋಗೂದಿಲ್ಲ." ಅಜ್ಜಿಗೆ ಅವಳು ಆಯಿ, ಒರಲೆಗೆ ಮರಾಠಿಯ ವಾಳವಿ ಎನ್ನುತ್ತಿದ್ದಳು. ಅವಳೇ ಅಲ್ಲಿ ವಿಚಾರಿಸಿ ಔಷಧ ಹೊಡೆಯುವವನೊಬ್ಬನನ್ನು ಕಳಿಸಿಕೊಟ್ಟಳು. ಅರ್ಧ ಮರಾಠಿ, ಅರ್ಧ ಕನ್ನಡ ಮಾತಾಡುವ ನಡುವಯಸ್ಸಿನ ಮನುಷ್ಯ. ಅವಸರವಿಲ್ಲದೆ ಮನೆಯನ್ನೆಲ್ಲ ಸುತ್ತಿ ನೋಡಿದ. ಹಿತ್ತಲಿನ ಗೋಡೆಗೆ ಒರಗಿಸಿದ್ದ ತೊಗರಿ ಕಟ್ಟಿಗೆಯ ರಾಶಿ ತೋರಿಸಿದ. ಬಚ್ಚಲಿನ ನೀರು ಒಳಕೋಣೆಯ ಗೋಡೆಯ ಬುಡಕ್ಕೆ ಇಂಗುತ್ತಿದ್ದುದನ್ನು ಕೈಯಿಟ್ಟು ತೋರಿಸಿದ. ಕಡೆಗೆ ಸ್ಕ್ರೂಡ್ರೈವರಿನ ಹಿಡಿಕೆಯಿಂದ ಒಳಕೋಣೆಯ ಚೌಕಟ್ಟನ್ನು ಕೆಳಗಿನಿಂದ ಮೇಲಿನವರೆಗೆ ಬಡಿಯುತ್ತ ಹೋದ. ಒಂದೆರಡು ಕಡೆ ಬಿಟ್ಟರೆ ಎಲ್ಲ ಕಡೆ ಟೊಳ್ಳು ಸದ್ದು.

"ಮಾವಶಿ, ಈ ಕಟ್ಟಿಗಿ ನೇರ ಮಣ್ಣಾಗ ಹುಗದಾರ. ಕೆಳಗ ಕಲ್ಲ ಇಟ್ಟಿಲ್ಲ. ಹಸಿ ಗ್ವಾಡಿ, ಬೆಚ್ಚನ ಕತ್ತಲಿ, ಅವಕ್ಕ ಇನ್ನೇನ ಬೇಕು? ನೆಲದ ಫರ್ಸಿಗೆ ಸಾಲಾಗಿ ತೂತ ಹೊಡದು ಬುಡಕ್ಕ ಔಷಧ ಬಿಡಬೇಕು. ಎರಡ ದಿವಸ ಮನಿ ಖಾಲಿ ಮಾಡಬೇಕಾಗ್ತದ."

"ನಾ ಎಲ್ಲೂ ಬರೂದಿಲ್ಲ," ಅಂದರು ಅತ್ತೆ ಒಳಗಿನಿಂದ. "ಈ ಮನಿಯಾಗ ವಿಷ ಹಾಕಗೊಡೂದಿಲ್ಲ."

"ಆಜಿ, ಇದು ಮೊದಲಿನಂಥಾದ್ದಲ್ಲ..."

"ಬ್ಯಾಡಂದ್ರ ಬ್ಯಾಡ."

ಸಂಜೆ ಮನೆಯವರಿಗೆ ಎಲ್ಲವನ್ನೂ ಹೇಳಿದೆ. ಅಕ್ಕಲಕೋಟೆಯಲ್ಲಿ ನಮ್ಮ ನಾದಿನಿಯ ಮನೆ ಇದೆ, ಎರಡು ದಿನಕ್ಕೆ ಅತ್ತೆಯನ್ನು ಅಲ್ಲಿಗೆ ಕರೆದುಕೊಂಡು ಹೋಗೋಣ ಅಂದೆ. ಅವರು ಒಳಗೆ ಹೋಗಿ ತಾಯಿಯ ಜೊತೆ ಸ್ವಲ್ಪ ಹೊತ್ತು ಕೂತು ಹೊರಗೆ ಬಂದರು. "ಅವ್ವ ಒಲ್ಲೆ ಅಂತಾಳ. ಮಳಿ ಮುಗೀಲಿ, ನೋಡೂಣು," ಅಂದರು. ಬೆಳಿಗ್ಗೆ ಎಂದಿನಂತೆ ಬಸ್ಸಿಗೆ ಹೋದರು.

ಅಲ್ಲಿಂದ ಮುಂದೆ ಒರಲೆ ಮತ್ತು ನಾನು. ಬೆಳಿಗ್ಗೆ ಎದ್ದು ಗೆರೆಯನ್ನು ಕೆರೆದು ತೆಗೆದು ಸೀಮೆಎಣ್ಣೆ ಸವರುತ್ತಿದ್ದೆ. ಮರುದಿನ ನೋಡಿದರೆ ಒಂದು ಗೇಣು ಪಕ್ಕದಲ್ಲಿ ಹೊಸ ಗೆರೆ. ಕೆರೆಯುವಾಗ ಒಂದು ಸಂಗತಿ ಗಮನಿಸಿದೆ. ಚೌಕಟ್ಟಿನ ಅಕ್ಕಪಕ್ಕ ಗೋಡೆಗೆ ಪದರದ ಮೇಲೆ ಪದರ ಮಣ್ಣು ಮೆತ್ತಿತ್ತು. ನಾನು ಈ ಮನೆಗೆ ಬರುವ ಮೊದಲಿನ ಪದರಗಳೂ ಇದ್ದವು, ಪ್ರತಿಯೊಂದರ ಅಡಿಯಲ್ಲೂ ಒರಲೆಯ ಹಳೆಯ ಗೆರೆ ಇತ್ತು. ಅತ್ತೆ ವರ್ಷಗಟ್ಟಲೆ ಇದನ್ನು ಮುಚ್ಚುತ್ತಲೇ ಬಂದಿದ್ದರು. ನಾನು ಕೆರೆಯುವ ಸದ್ದಾದರೆ ಅವರು ಗೋಡೆಯ ಕಡೆಗೆ ಮುಖ ತಿರುಗಿಸಿಕೊಳ್ಳುತ್ತಿದ್ದರು. ನಾನು ಏನೂ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆಂಬ ನಂಬಿಕೆ ಇರಲಿಲ್ಲ. ಆ ದಿನಗಳಲ್ಲಿ ಒಳಕೋಣೆಗೆ ಕಾಲಿಟ್ಟರೆ ಸಾಕು, ನನಗೆ ಉಸಿರು ಕಟ್ಟಿದ ಹಾಗಾಗುತ್ತಿತ್ತು.

ಶ್ರಾವಣದಲ್ಲಿ ಮೂರು ದಿನ ಬಿಡದೆ ಮಳೆ ಹಿಡಿಯಿತು. ನಮ್ಮ ಕಡೆ ಹೀಗೆ ಮಳೆ ಕೂರುವುದು ಅಪರೂಪ. ಮಾಳಿಗೆಯ ಮಣ್ಣು ನೀರು ಕುಡಿದು ಭಾರವಾಗಿತ್ತು. ಮೂರನೆಯ ದಿನ ಬೆಳಿಗ್ಗೆ ಮನೆಯವರು ಹೋದ ಮೇಲೆ ಬಿಸಿನೀರು ಕಾಯಿಸಿಕೊಂಡು ಅತ್ತೆಯ ಮೈ ಒರೆಸಲು ಒಳಗೆ ಹೋದೆ. ಆ ಹೊತ್ತಿಗೆ ಬಾಗಿಲು ಹಾಕಿಕೊಳ್ಳುವುದು ರೂಢಿ. ಬೆನ್ನು ಒರೆಸಿ ಮುಗಿಸಿ ಒಣ ಸೀರೆ ಸುತ್ತುತ್ತಿದ್ದೆ. ಹಿಂದಿನಿಂದ ಜೋಳದ ಚೀಲ ದೊಪ್ಪೆಂದು ಕೆಳಗೆ ಇಳಿಸಿದ ಹಾಗೆ ಸದ್ದಾಯಿತು.

ತಿರುಗಿ ನೋಡಿದರೆ ಚೌಕಟ್ಟಿನ ಮೇಲಿನ ಅಡ್ಡಮರ ಒಂದು ಕಡೆ ಕುಸಿದು ಬಾಗಿಲಿನ ತಲೆಯ ಮೇಲೆ ಕೂತಿತ್ತು. ಅದರ ಮೇಲಿನ ಗೋಡೆಯಿಂದ ಮಣ್ಣು ಸುರಿಯುತ್ತಿತ್ತು. ಓಡಿ ಹೋಗಿ ಅಗಳಿ ತೆಗೆದು ಜಗ್ಗಿದೆ. ಬಾಗಿಲು ಕೂದಲಿನಷ್ಟೂ ಅಲುಗಲಿಲ್ಲ. ಎರಡನೆಯ ಸಲ ಕಾಲು ಕೊಟ್ಟು ಜಗ್ಗಿದಾಗ ತೆಂಗಿನಕಾಯಿಯಷ್ಟು ದೊಡ್ಡದೊಂದು ಹೆಂಟೆ ನನ್ನ ಹೆಗಲ ಪಕ್ಕದಲ್ಲೇ ಬಿತ್ತು.

"ಜಗ್ಗಬ್ಯಾಡ," ಅಂದರು ಅತ್ತೆ. "ಈಗ ಆ ಬಾಗಲಾನ ಗ್ವಾಡಿ ಹೊತ್ತು ನಿಂತದ. ಜಗ್ಗಿದಿ ಅಂದ್ರ ಎಲ್ಲಾ ಕೂಡಿ ಬರ್ತದ."

ನಾನು ಕೂಗಿದೆ. ಪಡಸಾಲೆಯಲ್ಲಿ ಯಾರೂ ಇಲ್ಲ, ಹೊರಗೆ ಮಳೆ, ನಡುವೆ ಎರಡು ಮೊಳದ ಗೋಡೆ. ನನ್ನ ಫೋನು ಪಡಸಾಲೆಯ ಕಟ್ಟೆಯ ಮೇಲೆ ಚಾರ್ಜಿಗೆ ಇತ್ತು. ಸ್ವಲ್ಪ ಹೊತ್ತಿಗೆ ಅದು ರಿಂಗಾಗತೊಡಗಿತು. ಹತ್ತು ಹೆಜ್ಜೆ ದೂರ. ನಿಂತಿತು, ಮತ್ತೆ ಹೊಡೆದುಕೊಂಡಿತು, ಮತ್ತೆ ನಿಂತಿತು. ಬಾಗಿಲಿಗೆ ಕಿವಿಕೊಟ್ಟು ಕೇಳುತ್ತ ನಿಂತೆ. ಆಮೇಲೆ ಕರೆಂಟು ಹೋಯಿತು. ಕೋಣೆ ಪೂರ್ತಿ ಕತ್ತಲೆಯಾಯಿತು. ಮಣ್ಣು ಉದುರುವ ಸದ್ದು ಮಾತ್ರ ಕೇಳುತ್ತಿತ್ತು.

ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ತಿಳಿಯದು. ಅತ್ತೆಯೇ ಮಾತಾಡಿದರು. "ಮೂಲ್ಯಾಗ ಬಡಗಿ ಅದ. ಕಿಂಡಿ ತಗಡಿಗೆ ಹೊಡಿ."

ತಡಕಾಡಿ ಕೋಲು ಹುಡುಕಿದೆ. ಅತ್ತೆಯ ಮಂಚದ ಅಂಚಿನ ಮೇಲೆ ಹತ್ತಿ ನಿಂತು ಬೆಳಕಿಂಡಿಯ ತಗಡಿಗೆ ಬಡಿಯತೊಡಗಿದೆ. ತೋಳು ಸೋತರೆ ಇಳಿದು ಕೂರುವುದು, ಮತ್ತೆ ಹತ್ತಿ ಬಡಿಯುವುದು. ಕೊನೆಗೆ ಮೇಲೆ ಹೆಜ್ಜೆಯ ಸದ್ದಾಯಿತು. ನಮ್ಮ ಓಣಿಯ ಮನೆಗಳ ಮಾಳಿಗೆಗಳು ಒಂದಕ್ಕೊಂದು ಕೂಡಿಕೊಂಡಿವೆ. ಕುರಿ ಸಾಕುವ ಪಕ್ಕದ ಮನೆಯವಳು ತಮ್ಮ ಮಾಳಿಗೆ ಸೋರುವ ಜಾಗಕ್ಕೆ ಮಣ್ಣು ಹಾಕಲು ಬಂದಿದ್ದಳು. ಕಲ್ಲು ಸರಿಸಿ ತಗಡು ಎತ್ತಿದಳು. ಬೆಳಕು, ಅದರ ಜೊತೆಗೆ ಮಳೆಹನಿ, ಆಮೇಲೆ ಅವಳ ಮುಖ.

"ಯಾಕ ವೈನಿ, ಏನಾತು?"

"ಬಾಗಲಾ ಸಿಕ್ಕೊಂಡದ ತಂಗಿ. ಅಡ್ಡಮರ ಕುಸದದ. ಯಾರನ್ನರೆ ಕರಿ."

"ಅಯ್ಯ ಬೀರಪ್ಪ," ಅಂದು ಅವಳು ಓಡಿದಳು. ತಗಡು ಮುಚ್ಚದೆ ಹೋದದ್ದು ಪುಣ್ಯ. ಆ ತುಂಡು ಆಕಾಶವನ್ನು ನೋಡುತ್ತ ಕೂತೆ.

ಅರ್ಧ ತಾಸಿನಲ್ಲಿ ಪಡಸಾಲೆಯಲ್ಲಿ ಜನ ಸೇರಿದ ಗದ್ದಲ ಕೇಳಿಸಿತು. ಊರಿನಲ್ಲಿ ಮನೆ ಕಟ್ಟುವ ಹಿರಿಯ ಗೌಂಡಿ ಬಾಗಿಲನ್ನು ಹೊರಗಿನಿಂದ ಪರೀಕ್ಷಿಸಿ, ಮಾಳಿಗೆ ಹತ್ತಿ ಬಂದು ಕಿಂಡಿಯಿಂದ ಮಾತಾಡಿದ. "ತಂಗಿ, ಬಾಗಲಾ ಮುಟ್ಟಬ್ಯಾಡ. ಮೊದಲ ಹೊರಗಿಂದ ಅಡ್ಡಮರಕ್ಕ ಜಾಕ್ ಕೊಟ್ಟು ಎತ್ತಿ ಹಿಡೀಬೇಕು, ಆಮ್ಯಾಲ ಬಾಗಲಾ ಬಿಚ್ಚೂದು. ಕಬ್ಬಿನ ಟ್ರ್ಯಾಕ್ಟರಿನ ದೊಡ್ಡ ಜಾಕ್ ಬೇಕು. ಮಂದ್ರೂಪಕ್ಕ ಫೋನ್ ಮಾಡೀನಿ, ತರಾಕತ್ತಾರ. ದಾರ್ಯಾಗ ರಾಡಿ ಭಾಳ ಅದ, ಹೊತ್ತ ಹಿಡೀತದ."

"ಎಷ್ಟ ಹೊತ್ತರಿ?"

ಅವನು ಕಿಂಡಿಯ ಅಂಚನ್ನು ಕೈಯಿಂದ ಒತ್ತಿ ನೋಡಿದ. ಆಮೇಲೆ ಹೇಳಿದ, "ಕಿಂಡಿ ದೊಡ್ಡದ ಮಾಡಿ ನಿನ್ನನ್ನ ಹಗ್ಗಲೆ ಮ್ಯಾಲ ಎಳಕೋಬಹುದು. ಮುದುಕಿಗಿ ಆಗೂದಿಲ್ಲ. ಮಾಳಿಗಿ ಜಂತಿ ಎಷ್ಟ ಗಟ್ಟಿ ಅದಾವೋ ನೋಡೇ ಕೈ ಹಾಕಬೇಕು. ನೀ ಹೇಳು."

ನನಗೆ ಹೋಗಬೇಕು ಅನ್ನಿಸಿತು. ಇದನ್ನು ಮುಚ್ಚಿಟ್ಟು ಬರೆಯಲಾರೆ. ಆ ಕಿಂಡಿಯಿಂದ ಹೊರಗೆ ಹೋಗಿ ಮಳೆಯಲ್ಲಿ ನಿಲ್ಲಬೇಕು, ಹಾಗೇ ಬಸ್‌ಸ್ಟ್ಯಾಂಡಿಗೆ ನಡೆದುಬಿಡಬೇಕು ಅನ್ನಿಸಿತು. ಎರಡು ವರ್ಷದಿಂದ ಒಳಗೇ ಇದ್ದ ಆಸೆ ಅದು.

"ಹೋಗು ಯವ್ವಾ," ಅಂದರು ಅತ್ತೆ. "ನನಗೇನಾಗ್ತದ? ಆಗೂದೆಲ್ಲಾ ಆಗ್ಯದ."

ನಾನು ಮೇಲಕ್ಕೆ ನೋಡಿದೆ. ಕಿಂಡಿಯ ಪಕ್ಕದ ಜಂತೆಯಲ್ಲೂ ಮಣ್ಣಿನ ಗೆರೆ ಕಂಡಿತು. "ಬ್ಯಾಡರಿ," ಅಂದೆ ಗೌಂಡಿಗೆ, "ಮ್ಯಾಲ ಕೈ ಹಚ್ಚಬ್ಯಾಡ್ರಿ. ಜಾಕ್ ಬರಲಿ." ಊರಿನವರು ಆಮೇಲೆ ಅದನ್ನು ದೊಡ್ಡ ಗುಣವೆಂದು ಹೊಗಳಿದರು. ಜಂತೆ ಮುರಿದು ಬಿದ್ದೀತೆಂಬ ಹೆದರಿಕೆಯೇ ಹೆಚ್ಚಾಗಿತ್ತೆಂದು ನಾನು ಯಾರಿಗೂ ಹೇಳಲಿಲ್ಲ.

ಪಕ್ಕದ ಮನೆಯವಳು ಕಿಟ್ಲಿಯಲ್ಲಿ ಚಹಾ ಹಾಕಿ ಹಗ್ಗ ಕಟ್ಟಿ ಇಳಿಸಿದಳು. ಆಮೇಲೆ ಎರಡು ಕಂಬಳಿ, ಒಂದು ಬ್ಯಾಟರಿ. ಬಾಗಿಲಿನಿಂದ ದೂರವಿರಲೆಂದು ಮಂಚವನ್ನು ಎದುರಿನ ಮೂಲೆಗೆ ಎಳೆದು ಅತ್ತೆಯ ಪಕ್ಕದಲ್ಲೇ ಕೂತೆ. ಬೇರೆ ಜಾಗವೇ ಇರಲಿಲ್ಲ. ಅವರಿಗೆ ಚಹಾ ಕುಡಿಸಿದೆ. ಅವರಿಗೊಂದು ಕಂಬಳಿ ಹೊದಿಸಿ ನಾನೊಂದು ಹೊದ್ದುಕೊಂಡೆ.

"ಇದು ನಾ ಮಾಡಿದ್ದು," ಅಂದರು.

"ಏನರಿ?"

ಅವರು ಗೋಡೆ ನೋಡಿಕೊಂಡೇ ಹೇಳಿದರು. ಅವರು ಮದುವೆಯಾಗಿ ಬಂದು ಐದಾರು ವರ್ಷವಾಗಿದ್ದಾಗಲೂ ಒರಲೆ ಹತ್ತಿತ್ತಂತೆ. ಈಗ ಇಲ್ಲದ ನನ್ನ ಮಾವ ಪೇಟೆಗೆ ಹೋಗಿದ್ದ ಒಂದು ದಿನ, ಜೋಳದ ಚೀಲಕ್ಕೆ ನುಸಿ ಬಾರದಂತೆ ಹಾಕುವ ವಿಷದ ಬಿಳಿ ಪುಡಿಯನ್ನು ಯಾರೋ ಕೊಟ್ಟರು. ಮಣ್ಣಿನಲ್ಲಿ ಕಲಸಿ ಗೋಡೆಗೆ ಮೆತ್ತಿದರೆ ಒರಲೆ ಬರುವುದಿಲ್ಲ ಎಂದರು. ಅತ್ತೆ ಬರಿಗೈಯಲ್ಲಿ ಕಲಸಿ ಒಳಕೋಣೆಗೆ, ಪಡಸಾಲೆಗೆ, ದನಕ್ಕೆ ಮೇವು ಹಾಕುವ ಗ್ವಾದಲಿಯ ಗೋಡೆಗೂ ಮೆತ್ತಿದರು. ಮನೆಯಲ್ಲಿ ಕರು ಹಾಕಿ ಹದಿನೈದು ದಿನವಾಗಿದ್ದ ಆಕಳಿತ್ತು.

"ಆಕಳ ಗ್ವಾಡಿ ನೆಕ್ಕತದ ಅನ್ನೂದು ನನಗ ಹೊಳೀಲಿಲ್ಲ," ಅಂದರು. "ಸಂಜೀಮುಂದ ಬಾಯಾಗ ನೊರಿ ಬಂತು, ಬಿತ್ತು. ನಿಮ್ಮ ಮಾವ ಬಂದು ಹಾವ ಕಡದದ ಅಂದ್ರು. ಗ್ವಾದಲಿ ಕೆಳಗಿನ ಬಿಲಾ ಎಲ್ಲಾ ಅಗದ್ರು. ನಾ ಬಾಯಿ ಬಿಡಲಿಲ್ಲ. ಕರೂನೂ ಉಳೀಲಿಲ್ಲ."

"ಯಾರಿಗೂ ಹೇಳಲಿಲ್ಲೇನ್ರಿ?"

"ಯಾರಿಗಿ ಹೇಳಲಿ? ಆಕಳ ಕೊಂದಾಕಿ ಅನಿಸಿಕೊಂಡು ಈ ಮನಿಯಾಗ ಬಾಳಬೇಕಿತ್ತೇನು?"

ಆ ಮೇಲೆ ವಿಷ ಕಾಣದಂತೆ ಅದರ ಮೇಲೆ ಬರೀ ಮಣ್ಣು ಮೆತ್ತಿದರು. ಕೆಲವು ವರ್ಷ ಬಿಟ್ಟು ಒರಲೆ ಬಂದಾಗಲೂ ಮಣ್ಣು ಮೆತ್ತಿದರು. ಯಾರಾದರೂ ಗೋಡೆ ಕೆರೆದರೆ ಒಳಗಿನ ವಿಷ ಹೊರಗೆ ಬಂದೀತು, ಮತ್ತೆ ಯಾರಿಗಾದರೂ ಏನಾದರೂ ಆದೀತು ಎಂಬ ಭಯ. ನಾನು ದಿನಾ ಬೆಳಿಗ್ಗೆ ಕೆರೆಯುತ್ತಿದ್ದಾಗ ಅವರು ಆ ಕಡೆ ಮುಖ ಮಾಡಿ ಏನು ಅನುಭವಿಸುತ್ತಿದ್ದರೆಂದು ಈಗ ತಿಳಿಯಿತು.

ಆಗ ನನಗೆ ಮಗಳ ನೆನಪಾಯಿತು. ಅವಳು ಎರಡು ವರ್ಷದವಳಿದ್ದಾಗ ಗೋಡೆಯ ಮಣ್ಣು ಕೆರೆದು ತಿನ್ನುವ ಚಟವಿತ್ತು. ಒಂದು ಮಧ್ಯಾಹ್ನ ಅತ್ತೆ ಅದನ್ನು ನೋಡಿ ಅವಳ ಕೈಗೆ ಬಾಸುಂಡೆ ಬರುವಂತೆ ಹೊಡೆದರು, ಬಾಯಿಗೆ ಬೆರಳು ಹಾಕಿ ಮಣ್ಣು ತೆಗೆದರು, ಉಪ್ಪುನೀರು ಕುಡಿಸಿ ಕಾರಿಸಿದರು. ಕೂಸು ನೀಲಿಗಟ್ಟುವ ಹಾಗೆ ಅತ್ತಿತ್ತು. ಎಲ್ಲ ಮಕ್ಕಳೂ ತಿನ್ನುವ ಮಣ್ಣಿಗೆ ಇಷ್ಟು ಶಿಕ್ಷೆಯೇ ಎಂದು ನನ್ನ ಹೊಟ್ಟೆ ಉರಿದಿತ್ತು. ಅವತ್ತಿನಿಂದ ಅವರ ಜೊತೆ ಮನಸ್ಸು ಬಿಚ್ಚಿ ಮಾತಾಡುವುದನ್ನು ಬಿಟ್ಟಿದ್ದೆ. ಹದಿನೇಳು ವರ್ಷ.

"ಕೂಸಿಗೆ ಹೊಡದದ್ದು ಅದಕ್ಕ ಏನರಿ?" ಎಂದು ಕೇಳಿದೆ.

"ಆಕಳ ಬಾಯಿ ಕಣ್ಣಿಗೆ ಕಟ್ಟತು," ಅಂದರು. "ಮೂರ ದಿನ ನಾ ನಿದ್ದಿ ಮಾಡಲಿಲ್ಲ. ಕೂಸಿನ ಮೂಗಿನ ಮುಂದ ಕೈ ಹಿಡದು ಕುಂತಿದ್ದೆ."

ಆ ಮೂರು ದಿನ ಅವರು ಮಗುವನ್ನು ನನ್ನ ಪಕ್ಕ ಮಲಗಲು ಬಿಟ್ಟಿರಲಿಲ್ಲ. ಅದಕ್ಕೂ ನಾನು ಸಿಟ್ಟು ಮಾಡಿಕೊಂಡಿದ್ದೆ. ಅವರ ಕೈ ಕಂಬಳಿಯ ಹೊರಗಿತ್ತು. ಒಳಗೆ ಹಾಕಿ ಮುಚ್ಚಿದೆ.

"ಅವನಿಗಿ ಹೇಳಬ್ಯಾಡ," ಅಂದರು. ಮಗನಿಗೆ ಎಂದರ್ಥ. "ಆ ಆಕಳ ಹಾಲ ಕುಡದ ದೊಡ್ಡಾಂವ ಆದಾಂವ ಅಂವ."

"ಹೇಳೂದಿಲ್ಲರಿ."

ಜಾಕ್ ಬಂದಾಗ ಮಧ್ಯಾಹ್ನ ಮೀರಿತ್ತು. ಮನೆಯವರೂ ಸುದ್ದಿ ತಿಳಿದು ಸೊಲ್ಲಾಪುರದಿಂದ ಬಂದು ತಲುಪಿದ್ದರು. ಬಾಗಿಲಿನ ಆಚೆಯಿಂದ "ಅವ್ವಾ, ಅವ್ವಾ" ಎಂದು ಕೂಗಿದರು. ಆಮೇಲೆ ನನ್ನನ್ನು, "ಇದ್ದೀಯೇನು?" ಎಂದು ಕೇಳಿದರು. "ಇದ್ದೀನ್ರಿ," ಅಂದೆ. ಗೌಂಡಿ ಎರಡು ಜಾಕಿನ ಮೇಲೆ ಕಬ್ಬಿಣದ ಪಟ್ಟಿ ಇಟ್ಟು ಅಡ್ಡಮರವನ್ನು ಎಳೆ ಎಳೆಯಾಗಿ ಎತ್ತಿಸಿದ. ಪ್ರತಿ ಸಲ ಎತ್ತಿದಾಗಲೂ ನಮ್ಮ ಕಡೆ ಮಣ್ಣು ಸುರಿಯುತ್ತಿತ್ತು. ನಾನು ಅತ್ತೆಯ ತಲೆಯ ಮೇಲೆ ಕಂಬಳಿ ಹಿಡಿದು ಬಗ್ಗಿ ಕೂತಿದ್ದೆ. ಕಡೆಗೆ ಬಾಗಿಲನ್ನು ಬುಡದಿಂದ ಎತ್ತಿ ತೆಗೆದರು. ನಾಲ್ಕು ಜನ ಒಳಗೆ ಬಂದು ಮಂಚದ ಸಮೇತ ಅತ್ತೆಯನ್ನು ಹೊತ್ತು ಹೊರಗೆ ನಡೆದರು. ನಾನು ಹಿಂದಿನಿಂದ ಬಂದೆ. ದಾಟುವಾಗ ಚೌಕಟ್ಟಿಗೆ ಕೈ ತಗುಲಿತು. ಹೊರಗೆ ಬಣ್ಣದ ಪದರ ಮಾತ್ರ ಉಳಿದಿತ್ತು, ಬೆರಳು ಸೀದಾ ಒಳಗೆ ಹೋಯಿತು.

ಅವತ್ತು ಪಕ್ಕದ ಮನೆಯಲ್ಲಿ ಉಳಿದೆವು. ಮರುದಿನ ಗಾಡಿ ಮಾಡಿಕೊಂಡು ಅಕ್ಕಲಕೋಟೆಗೆ ನಾದಿನಿಯ ಮನೆಗೆ ಹೋದೆವು. ಅತ್ತೆ ಈ ಸಲ ಬೇಡ ಅನ್ನಲಿಲ್ಲ. ದಾರಿಯುದ್ದಕ್ಕೂ ಗಾಡಿಯ ಗಾಜಿಗೆ ಮುಖ ಹಚ್ಚಿಕೊಂಡಿದ್ದರು. "ಈ ವರ್ಷ ಉದ್ದು ಭಾಳ ಹಾಕ್ಯಾರ," ಎಂದು ಒಂದೇ ಮಾತು ಆಡಿದರು.

ಅವರನ್ನು ಅಲ್ಲಿ ಬಿಟ್ಟು ನಾನು ವಳಸಂಗಕ್ಕೆ ಮರಳಿದೆ. ಔಷಧದವನು ಬಂದಾಗ ಮನೆಯವರು ಹಿತ್ತಲಲ್ಲಿದ್ದ ಸಮಯ ನೋಡಿ ಹೇಳಿದೆ, "ಗ್ವಾಡಿಗೆ ಮೆತ್ತಿದ ಹಳೇ ಗಿಲಾವಿನಾಗ ಜೋಳಕ್ಕ ಹಾಕೂ ವಿಷದ ಪುಡಿ ಕೂಡ್ಯದಂತ ಯಾರೋ ಅಂದ್ರು."

ಅವನು ಗೋಡೆಯಿಂದ ಒಂದು ಹೆಜ್ಜೆ ಹಿಂದೆ ಸರಿದ. "ಆ ಪುಡಿ ಈಗ ಬಂದ್ ಮಾಡ್ಯಾರ, ಮಾವಶಿ. ಮಣ್ಣಾಗ ಎಷ್ಟ ವರ್ಷ ಉಳೀತದೋ ಹೇಳಾಕ ಬರೂದಿಲ್ಲ. ಇನ್ನ ಮ್ಯಾಲ ನೀವು ಕೆರೀಬ್ಯಾಡ್ರಿ." ಅವನೂ ಅವನ ಜೊತೆಗಾರರೂ ಮುಖಕ್ಕೆ ಮಾಸ್ಕು, ಕೈಗೆ ಗವಸು ಹಾಕಿಕೊಂಡು ನೀರು ಚಿಮುಕಿಸುತ್ತ ಹಳೆಯ ಗಿಲಾವನ್ನು ತೆಗೆದು ಚೀಲದಲ್ಲಿ ತುಂಬಿ ಬಾಯಿ ಕಟ್ಟಿ ಒಯ್ದರು. ಒರಲೆಗಾಗಿ ತೆಗೆಯುತ್ತಿದ್ದಾರೆಂದು ಮನೆಯವರು ತಿಳಿದರು. ಆಮೇಲೆ ಗೋಡೆಯ ಬುಡದುದ್ದಕ್ಕೂ ಫರ್ಸಿಯಲ್ಲಿ ಗೇಣಿಗೊಂದು ತೂತು ಕೊರೆದು ಔಷಧ ಇಳಿಸಿ ಸಿಮೆಂಟಿನಿಂದ ಮುಚ್ಚಿದರು. ಬಚ್ಚಲಿನ ನೀರಿಗೆ ಪೈಪು ಹಾಕಿಸಿದೆವು. ತೊಗರಿ ಕಟ್ಟಿಗೆ ಹಿತ್ತಲಿನ ಆ ತುದಿಗೆ ಹೋಯಿತು. ಒಳಕೋಣೆಗೆ ಕಲ್ಲಿನ ಮೇಲೆ ನಿಲ್ಲಿಸಿದ ಕಬ್ಬಿಣದ ಚೌಕಟ್ಟು ಬಂತು. ಮಾಳಿಗೆ ತೆಗೆದು ತಗಡು ಹಾಕಿದರು. ಗೌಂಡಿ ಒಪ್ಪದಿದ್ದರೂ ನಾನು ಹಟ ಹಿಡಿದು ಪಡಸಾಲೆಯ ಕಡೆಯ ಗೋಡೆಗೆ ಒಂದು ಕಿಟಕಿ ಇಡಿಸಿದೆ.

ಎರಡು ದಿನಕ್ಕೆಂದು ಹೋದ ಅತ್ತೆ ಅಕ್ಕಲಕೋಟೆಯಲ್ಲಿ ಎರಡು ತಿಂಗಳು ಇದ್ದರು. ಆ ಮೇಲೆ ಅದೇ ಪದ್ಧತಿಯಾಯಿತು, ಎರಡು ತಿಂಗಳು ಅಲ್ಲಿ, ಎರಡು ತಿಂಗಳು ನಮ್ಮಲ್ಲಿ. ಅವರು ಅಲ್ಲಿರುವಾಗ ನಾನು ಬಸ್ಸು ಹಿಡಿದು ಕಾರ್ಖಾನೆಗೆ ಹೋಗುತ್ತಿದ್ದೆ. ಇಲ್ಲಿರುವಾಗ ಅವರ ಪಕ್ಕ ಕೂತು ಕಾಳು ಆರಿಸುತ್ತಿದ್ದೆ. ಮಾತು ಬಹಳ ಹೆಚ್ಚಾಯಿತೆಂದು ಹೇಳಲಾರೆ. ಆದರೆ ಸುಮ್ಮನಿದ್ದಾಗ ಮೊದಲಿನ ಬಿಗಿ ಇರುತ್ತಿರಲಿಲ್ಲ. ಹೋದ ವರ್ಷ ಚಳಿಗಾಲದಲ್ಲಿ ನಾದಿನಿಯ ಮನೆಯಲ್ಲಿ ಅವರು ತೀರಿಕೊಂಡರು.

ಮುಚ್ಚಿದ ಬಾಗಿಲು ಈಗಲೂ ನನ್ನಿಂದ ಆಗುವುದಿಲ್ಲ. ಸ್ನಾನಕ್ಕೆ ಹೋದಾಗಲೂ ಅಗಳಿ ಹಾಕುವುದಿಲ್ಲ. ಯಾರ ಮನೆಗೆ ಹೋದರೂ ಕೂರುವ ಮೊದಲು ಬಾಗಿಲಿನ ಚೌಕಟ್ಟನ್ನು ಬೆರಳಿನ ಗೆಣ್ಣಿನಿಂದ ಬಡಿದು ನೋಡುತ್ತೇನೆ.

ಕೊಟ್ಟ ಮಾತನ್ನು ಉಳಿಸಿಕೊಂಡಿದ್ದೇನೆ. ಮನೆಯವರಿಗೆ ಹೇಳಿಲ್ಲ. ಹಳೆಯ ದನಗಳ ಮಾತು ಬಂದಾಗ ಅವರು ಇಂದಿಗೂ ಆ ಹಾವಿನ ಕಥೆ ಹೇಳುತ್ತಾರೆ. ನಾನು ಎದ್ದು ಒಳಗೆ ಹೋಗುತ್ತೇನೆ. ನಾನು ಇಂಡಿ ಕಡೆಯವಳು, ಕನ್ನಡ ಶಾಲೆಯಲ್ಲಿ ಕಲಿತವಳು. ಅವರೂ ಮಗಳೂ ಮರಾಠಿ ಶಾಲೆಯಲ್ಲಿ ಕಲಿತವರು. ಮನೆಯಲ್ಲಿ ಕನ್ನಡವನ್ನೇ ಆಡಿದರೂ ಓದಲು ಇಬ್ಬರಿಗೂ ಬರುವುದಿಲ್ಲ. ಆ ಧೈರ್ಯದ ಮೇಲೆ ಇದನ್ನು ಬರೆದಿದ್ದೇನೆ. ಮಗಳಿಗೆ ಮಾತ್ರ ಒಂದು ದಿನ ಓದಿ ಹೇಳಬೇಕು ಅನ್ನಿಸುತ್ತದೆ. ಹೇಳಿದರೆ ಅವಳು ಅಪ್ಪನಿಗೆ ಹೇಳದೆ ಇರಬೇಕಾಗುತ್ತದೆ. ಅವಳ ತಲೆಯ ಮೇಲೂ ಇದನ್ನು ಹೊರಿಸಬೇಕೋ ಬೇಡವೋ, ನನಗೆ ಇನ್ನೂ ತಿಳಿಯುತ್ತಿಲ್ಲ.